ಜಿಡ್ಡಿಗೂ ಲೆಕ್ಕ ಬೇಕು

ಹೋಟೆಲಿನ ಪಾತ್ರೆ ತೊಳೆಯುವ ಕೋಣೆಯ ಗೋಡೆಗೆ ಒಂದು ಹಾಳೆ ಅಂಟಿಸಿರುತ್ತಾರೆ. 'ಗ್ರೀಸ್ ಟ್ರ್ಯಾಪ್ ಕ್ಲೀನಿಂಗ್' ಎಂಬ ತಲೆಬರಹ; ಕೆಳಗೆ ತಾರೀಕು, ಸಮಯ, ಸಹಿ ಎಂದು ಮೂರು ಕಾಲಂ. ಜನವರಿಯಿಂದ ಡಿಸೆಂಬರ್‌ವರೆಗೆ ಒಂದು ಸಾಲೂ ಖಾಲಿಯಿಲ್ಲ. ಎಲ್ಲವೂ ಒಂದೇ ಪೆನ್ನು, ಒಂದೇ ಕೈಬರಹ. ತಪಾಸಣೆಗೆ ಬಂದ ಅಧಿಕಾರಿ ಹಾಳೆ ನೋಡಿ ತಲೆಯಾಡಿಸುತ್ತಾರೆ, ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೊರಡುತ್ತಾರೆ. ನೆಲದ ಮೇಲಿನ ಮುಚ್ಚಳ ಎತ್ತಿಸಿ ಒಳಗೇನಿದೆ ಎಂದು ನೋಡುವವರು ಅಪರೂಪ. ಮುಚ್ಚಳ ಎತ್ತಿದರೆ ವಾಸನೆಗೆ ಗಿರಾಕಿಗಳು ಎದ್ದು ಹೋದಾರು ಎಂಬ ಅಳುಕು ಮಾಲೀಕರಿಗೆ. ಇನ್ನೂ ಹತ್ತು ಹೋಟೆಲು ನೋಡುವುದಿದೆ ಎಂಬ ಅವಸರ ಅಧಿಕಾರಿಗೆ.

ಊಟ-ತಿಂಡಿ ಮಾರುವ ಕಡೆ ಚರಂಡಿಗೆ ಹೋಗುವ ನೀರಿನಿಂದ ಜಿಡ್ಡು ಹಿಡಿದಿಡುವ ತೊಟ್ಟಿ ಇರಬೇಕು ಎಂಬುದನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ಆದರೆ ತೊಟ್ಟಿ ಇರುವುದು ಬೇರೆ, ಅದು ಕೆಲಸ ಮಾಡುತ್ತಿರುವುದು ಬೇರೆ. ಎಷ್ಟು ಜಿಡ್ಡು ಸೇರಿತ್ತು, ಯಾವಾಗ ತೆಗೆದರು, ಯಾರು ಒಯ್ದರು, ಎಲ್ಲಿ ಇಳಿಸಿದರು? ಈ ನಾಲ್ಕು ಪ್ರಶ್ನೆಗೆ ಬರೆದಿಟ್ಟ ಉತ್ತರ ಇಲ್ಲದ ಹೋಟೆಲು ನಿಯಮ ಪಾಲಿಸಿದೆ ಎನ್ನಲು ಆಧಾರವೇ ಇಲ್ಲ. ನಮ್ಮ ನಗರಗಳು ತೊಟ್ಟಿಯನ್ನು ಎಣಿಸುತ್ತಿವೆ, ಎಣಿಸಬೇಕಾದದ್ದು ಜಿಡ್ಡನ್ನು.

ತೊಟ್ಟಿಯೊಳಗೆ ನಡೆಯುವುದೇನು

ಸಾಮಾನ್ಯ ಗ್ರೀಸ್ ಟ್ರ್ಯಾಪಿನಲ್ಲಿ ಯಂತ್ರವಿಲ್ಲ, ಮೋಟರಿಲ್ಲ. ಅದು ನಡುವೆ ಅಡ್ಡಗೋಡೆಗಳಿರುವ ಒಂದು ಪೆಟ್ಟಿಗೆ. ಅಡುಗೆ ಎಣ್ಣೆಯ ಸಾಂದ್ರತೆ ನೀರಿನ ಸುಮಾರು 0.92ರಷ್ಟು. ಮುಸುರೆ ನೀರು ಪೆಟ್ಟಿಗೆಯೊಳಗೆ ನಿಧಾನವಾದಾಗ ಎಣ್ಣೆ ಮೇಲಕ್ಕೆ ತೇಲುತ್ತದೆ. ಅನ್ನದ ಅಗುಳು, ಬೇಳೆ, ಮಸಾಲೆಯ ಚರಟ ತಳಕ್ಕೆ ಕೂರುತ್ತವೆ. ಹೊರಗೆ ಹೋಗುವ ಕೊಳವೆ ಮೇಲಿನ ಪದರವನ್ನೂ ತಳದ ಗಸಿಯನ್ನೂ ಮುಟ್ಟದೆ ನಡುವಿನ ನೀರನ್ನು ಮಾತ್ರ ಎಳೆದುಕೊಳ್ಳುವಂತೆ ಇರುತ್ತದೆ.

ಈ ಕೆಲಸಕ್ಕೆ ಬೇಕಾದದ್ದು ಎರಡೇ: ಸಮಯ ಮತ್ತು ತಂಪು. ಕುದಿನೀರು ಬಂದರೆ ತುಪ್ಪ, ವನಸ್ಪತಿ ಕರಗಿ ನೀರಿನ ಜತೆಗೇ ದಾಟುತ್ತವೆ. ಮುಂದೆ ರಸ್ತೆಯಡಿಯ ಪೈಪಿನಲ್ಲಿ ತಣ್ಣಗಾಗಿ ಅಲ್ಲಿ ಗಟ್ಟಿಯಾಗುತ್ತವೆ. ಪಾತ್ರೆ ತೊಳೆಯುವ ಸೋಪು ಎಣ್ಣೆಯನ್ನು ನುಣ್ಣನೆ ಹನಿಗಳಾಗಿ ಒಡೆಯುತ್ತದೆ. ಹನಿಯ ಗಾತ್ರ ಅರ್ಧವಾದರೆ ಅದು ಮೇಲೇರುವ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ ಎನ್ನುತ್ತದೆ ಭೌತಶಾಸ್ತ್ರ. ಅಂದರೆ ಸೋಪು ಹೆಚ್ಚಾದಷ್ಟೂ ತೊಟ್ಟಿಯಲ್ಲಿ ನೀರು ಹೆಚ್ಚು ಹೊತ್ತು ನಿಲ್ಲಬೇಕು.

ಆದರೆ ಆಗುವುದು ತಿರುಗುಮುರುಗು. ಮೇಲೆ ಜಿಡ್ಡು ದಪ್ಪವಾಗುತ್ತ, ಕೆಳಗೆ ಗಸಿ ಏರುತ್ತ ಹೋದಂತೆ ನಡುವೆ ನೀರಿಗಿರುವ ಜಾಗ ಕಿರಿದಾಗುತ್ತದೆ. ಅದೇ ಪ್ರಮಾಣದ ನೀರು ಕಿರಿದಾದ ಜಾಗದಲ್ಲಿ ಜೋರಾಗಿ ಹರಿಯುತ್ತದೆ. ಹಿಂದೆ ಸೇರಿದ್ದ ಜಿಡ್ಡನ್ನೂ ಕಿತ್ತುಕೊಂಡು ಹೋಗುತ್ತದೆ. ಪೂರ್ತಿ ತುಂಬಿದ ಟ್ರ್ಯಾಪು ಟ್ರ್ಯಾಪೇ ಅಲ್ಲ, ದುಬಾರಿ ಪೈಪು ಅಷ್ಟೆ. ಲಕ್ಷ ರೂಪಾಯಿಯ ಸ್ಟೀಲ್ ಪೆಟ್ಟಿಗೆಯಾದರೂ ಖಾಲಿ ಮಾಡದಿದ್ದರೆ ಇಲ್ಲದಂತೆಯೇ. ಹಾಗಾಗಿ ಇಲ್ಲಿ ಉಪಕರಣಕ್ಕಿಂತ ನಿರ್ವಹಣೆ ದೊಡ್ಡದು.

ದಾಟಿದ ಜಿಡ್ಡು ಏನಾಗುತ್ತದೆ

ಪೈಪು ಸೇರಿದ ಎಣ್ಣೆ ತಣ್ಣಗಾಗಿ ಹೆಪ್ಪುಗಟ್ಟುತ್ತದೆ ಎಂಬುದು ಅರ್ಧ ಸತ್ಯ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಉಳಿದರ್ಧವನ್ನು ವಿವರಿಸಿತು. ಎಣ್ಣೆ ಒಡೆದು ಬರುವ ಕೊಬ್ಬಿನಾಮ್ಲಗಳು ನೀರಿನಲ್ಲಿರುವ ಕ್ಯಾಲ್ಸಿಯಂ ಜತೆ ಸೇರಿ ಒಂದು ಬಗೆಯ ಗಟ್ಟಿ ಸಾಬೂನಾಗುತ್ತವೆ. ಇದು ಬಿಸಿನೀರಿಗೆ ಕರಗುವ ತುಪ್ಪವಲ್ಲ. ಕೆರೆದು, ಒಡೆದು ತೆಗೆಯಬೇಕಾದ ಪದಾರ್ಥ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳ. ಕಾಂಕ್ರೀಟ್ ಕೊಳವೆ ಸವೆದರೂ ಅದರಿಂದ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ. ಬೋರ್‌ವೆಲ್ ನೀರು ನಂಬಿಕೊಂಡಿರುವ ನಮ್ಮ ಊರುಗಳ ಹೋಟೆಲು ಬೀದಿಗಳಲ್ಲಿ ಎರಡೂ ಉಂಟು.

ಈ ಸಾಬೂನುಗಡ್ಡೆ ಎಲ್ಲಿಯವರೆಗೆ ಬೆಳೆಯಬಲ್ಲದು ಎಂಬುದನ್ನು ಲಂಡನ್ ನೋಡಿದೆ. 2017ರ ಸೆಪ್ಟೆಂಬರಿನಲ್ಲಿ ಅಲ್ಲಿನ ವೈಟ್‌ಚಾಪೆಲ್ ಬೀದಿಯಡಿಯ ಹಳೆಯ ಒಳಚರಂಡಿಯಲ್ಲಿ ಸುಮಾರು 250 ಮೀಟರ್ ಉದ್ದದ, 130 ಟನ್ ತೂಕದ ಜಿಡ್ಡಿನ ಗಡ್ಡೆ ಸಿಕ್ಕಿತು. ಕಾರ್ಮಿಕರು ಅದನ್ನು ಒಡೆದು ತೆಗೆಯಲು ವಾರಗಟ್ಟಲೆ ದುಡಿದರು. ಅದರದೊಂದು ತುಣುಕನ್ನು ಮರುವರ್ಷ ಲಂಡನ್ ಮ್ಯೂಸಿಯಂ ಪ್ರದರ್ಶನಕ್ಕಿಟ್ಟಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2004ರಲ್ಲಿ ಅಲ್ಲಿನ ಸಂಸತ್ತಿಗೆ ಕೊಟ್ಟ ವರದಿಯ ಪ್ರಕಾರ, ವರದಿಯಾದ ಒಳಚರಂಡಿ ಅಡೆತಡೆಗಳಲ್ಲಿ ಶೇಕಡಾ 47ಕ್ಕೆ ಜಿಡ್ಡೇ ಕಾರಣ. ಅದರಲ್ಲಿ ಮನೆಗಳ ಪಾಲೂ ಇದೆ. ಆದರೆ ಒಂದೇ ಜಾಗದಿಂದ ದಿನವಿಡೀ ಜಿಡ್ಡು ಸುರಿಯುವುದು ಹೋಟೆಲುಗಳಿಂದಲೇ.

ಬೆಂಗಳೂರಿನ ಸಂಗತಿಗೆ ಇನ್ನೊಂದು ಕೊಂಡಿಯಿದೆ. ಕೋರಮಂಗಲದ ಹೋಟೆಲಿನ ನೀರು ಒಳಚರಂಡಿಯಲ್ಲಿ ಸರಿಯಾಗಿ ಹರಿದರೆ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಣ ಘಟಕಗಳಿಗೆ ಹೋಗುತ್ತದೆ. ಅಲ್ಲಿ ಸಂಸ್ಕರಿಸಿದ ನೀರನ್ನು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಪಂಪು ಮಾಡಲಾಗುತ್ತಿದೆ. ಜಿಡ್ಡು ಕಟ್ಟಿ ಪೈಪು ಉಕ್ಕಿದರೆ ಅದೇ ಕೊಳಕು ನೀರು ರಾಜಕಾಲುವೆಗೆ ಇಳಿದು ಬೆಳ್ಳಂದೂರು ಕೆರೆಯ ದಾರಿ ಹಿಡಿಯುತ್ತದೆ. ಜಿಡ್ಡು ಘಟಕದವರೆಗೆ ತಲುಪಿದರೂ ತೊಂದರೆಯೇ. ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಗಾಳಿ ಸಿಗದಂತೆ ಅದು ಪದರ ಕಟ್ಟುತ್ತದೆ. ದೋಸೆ ಕಾವಲಿಯಿಂದ ಕೋಲಾರದ ಕೆರೆಯವರೆಗೆ ಇರುವುದು ಒಂದೇ ಪೈಪಿನ ಸಾಲು.

ಇನ್ನು, ಕಟ್ಟಿಕೊಂಡ ಪೈಪನ್ನು ಬಿಡಿಸುವವರು ಯಾರು? ಜೆಟ್ಟಿಂಗ್ ಮಷೀನ್ ಬರುತ್ತದೆ. ಅದು ಹೋಗಲಾರದ ಸಂದಿಗೆ, ಅದಕ್ಕೂ ಬಗ್ಗದ ಗಡ್ಡೆಗೆ ಇಂದಿಗೂ ಕದ್ದುಮುಚ್ಚಿ ಮನುಷ್ಯರನ್ನು ಇಳಿಸಲಾಗುತ್ತದೆ. 2013ರ ಕಾಯ್ದೆ ಸುರಕ್ಷಾ ಸಾಧನಗಳಿಲ್ಲದೆ ಒಳಚರಂಡಿಗೆ ಜನರನ್ನು ಇಳಿಸುವುದನ್ನು ಅಪರಾಧವಾಗಿಸಿದೆ. ಹಾಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದರು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ತನ್ನ ತೊಟ್ಟಿಯ ಆಳವನ್ನು ಒಂದು ಕೋಲಿನಿಂದ ಅಳೆಯಲು ಬೇಸರಪಟ್ಟುಕೊಳ್ಳುವ ಹೋಟೆಲು, ಎರಡು ಬೀದಿಯಾಚೆ ಇನ್ನೊಬ್ಬನನ್ನು ಗುಂಡಿಗೆ ಇಳಿಸುತ್ತಿರುತ್ತದೆ.

ಕಾನೂನು ಹೇಳುವ ಅಂಕಿ

ನಿಯಮ ಇಲ್ಲವೆಂದಲ್ಲ. 1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಂತೆ ಸಾರ್ವಜನಿಕ ಒಳಚರಂಡಿಗೆ ಬಿಡುವ ನೀರಿನಲ್ಲಿ ಎಣ್ಣೆ ಮತ್ತು ಜಿಡ್ಡು ಲೀಟರಿಗೆ 20 ಮಿಲಿಗ್ರಾಂ ದಾಟಬಾರದು; ಕೆರೆ, ಹೊಳೆಗೆ ಬಿಡುವುದಾದರೆ 10 ಮಿಲಿಗ್ರಾಂ. 20 ಮಿಲಿಗ್ರಾಂ ಎಂದರೆ 1,000 ಲೀಟರ್ ನೀರಿಗೆ 20 ಗ್ರಾಂ, ಅಂದರೆ ಊಟದ ಚಮಚದಲ್ಲಿ ಒಂದೂವರೆಯಷ್ಟು ಎಣ್ಣೆ. ಒಂದು ಸಿಂಟೆಕ್ಸ್ ಟ್ಯಾಂಕಿಗೆ ಒಂದೂವರೆ ಚಮಚ! ವಡೆ ಕರಿದ ಒಂದೇ ಬಾಣಲೆಯನ್ನು ಒರೆಸದೆ ತೊಳೆದರೆ ಈ ಮಿತಿ ಅಲ್ಲಿಗೇ ಮುಗಿಯಬಹುದು.

ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಹೋಟೆಲುಗಳ ತಪಾಸಣೆಗೆ ಕೊಟ್ಟಿರುವ ಪಟ್ಟಿಯಲ್ಲೂ ಒಂದು ಅಂಶವಿದೆ: ಚರಂಡಿಗಳು ಹರಿವಿಗೆ ತಕ್ಕಷ್ಟು ದೊಡ್ಡದಿದ್ದು, ಜಿಡ್ಡು ಮತ್ತು ಜಿರಳೆ ತಡೆಯುವ ಟ್ರ್ಯಾಪ್ ಹೊಂದಿರಬೇಕು. ಇದ್ದರೆ ಅಂಕ, ಇಲ್ಲದಿದ್ದರೆ ಇಲ್ಲ. ಒಂದು ತನಿಖೆಯಲ್ಲಿ ಟ್ರ್ಯಾಪ್ ಇದೆ ಎಂದು ಟಿಕ್ ಹಾಕಿದರೆ ಆ ಅಂಶ ಮುಗಿಯಿತು.

ಪ್ರಯೋಗಾಲಯದ ಪರೀಕ್ಷೆಗೂ ಮಿತಿಯಿದೆ. ಬಾಟಲಿಯಲ್ಲಿ ಹಿಡಿದ ನೀರು ಆ ಕ್ಷಣದ ಕತೆ ಹೇಳುತ್ತದೆ. ಮಧ್ಯಾಹ್ನ ನಾಲ್ಕಕ್ಕೆ, ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ಮುಂಚೆ ಹಿಡಿದರೆ ನೀರು ಬಹುಮಟ್ಟಿಗೆ ತಿಳಿಯಾಗಿಯೇ ಇರುತ್ತದೆ. ರಾತ್ರಿ ಹನ್ನೊಂದಕ್ಕೆ ಬಾಣಲೆಗಳೆಲ್ಲ ಒಟ್ಟಿಗೆ ತೊಳೆಯುವಾಗ ಹಿಡಿಯುವವರು ಯಾರು? ಜಿಡ್ಡಿನ ವಿಷಯದಲ್ಲಿ ಒಂದು ದಿನದ ಪರೀಕ್ಷೆಗಿಂತ ಇಡೀ ವರ್ಷದ ಲೆಕ್ಕ ಹೆಚ್ಚು ನಂಬಿಕೆಗೆ ಅರ್ಹ. ಆದರೆ ಆ ಲೆಕ್ಕ ಸರಿಯಾದದ್ದಾಗಿರಬೇಕು.

ಕಾಲು ಭಾಗದ ಸೂತ್ರ

ಹಾಗಾದರೆ ಏನನ್ನು ಬರೆಯಬೇಕು? ಲಾಸ್ ಏಂಜಲೀಸ್ ಸೇರಿದಂತೆ ಅಮೆರಿಕದ ಅನೇಕ ನಗರಗಳಲ್ಲಿ ಒಂದು ಸರಳ ಸೂತ್ರ ಚಾಲ್ತಿಯಲ್ಲಿದೆ. ಮೇಲಿನ ಜಿಡ್ಡು ಮತ್ತು ತಳದ ಗಸಿ ಎರಡೂ ಸೇರಿ ತೊಟ್ಟಿಯ ನೀರಿನ ಆಳದ 25 ಶೇಕಡಾ ಮುಟ್ಟುವ ಮೊದಲೇ ಪೂರ್ತಿ ಖಾಲಿ ಮಾಡಬೇಕು. ಇದಕ್ಕೆ ಪ್ರಯೋಗಾಲಯ ಬೇಡ. ಅಳತೆಯ ಗೆರೆ ಹಾಕಿದ ಒಂದು ಪಾರದರ್ಶಕ ಕೊಳವೆಯನ್ನು ನಿಧಾನವಾಗಿ ತಳದವರೆಗೆ ಇಳಿಸಿ, ಬಾಯಿ ಮುಚ್ಚಿ ಮೇಲೆತ್ತಿದರೆ ಮೂರೂ ಪದರ ಕಾಣುತ್ತವೆ.

ಉದಾಹರಣೆಗೆ ನೀರಿನ ಆಳ 100 ಸೆಂಟಿಮೀಟರ್ ಇರುವ ತೊಟ್ಟಿ ಎಂದುಕೊಳ್ಳಿ. ಮೇಲೆ 15 ಸೆಂ.ಮೀ. ಜಿಡ್ಡು, ಕೆಳಗೆ 11 ಸೆಂ.ಮೀ. ಗಸಿ. ಒಟ್ಟು 26. ಕಾಲು ಭಾಗ ದಾಟಿತು. ಇವತ್ತೇ ಲಾರಿ ಕರೆಸಬೇಕು. ಮೇಲಿನಿಂದ ನೋಡಿದವರಿಗೆ ಅರ್ಧಕ್ಕೂ ಹೆಚ್ಚು ಜಾಗ ಇನ್ನೂ ಇದೆಯಲ್ಲ ಅನ್ನಿಸುತ್ತದೆ. ಆದರೆ ನೀರಿಗೆ ನಿಲ್ಲಲು ಸಿಗುವ ಹೊತ್ತು ಕಡಿಮೆಯಾಗಿ, ಸಣ್ಣ ಹನಿಗಳು ತಪ್ಪಿಸಿಕೊಳ್ಳಲು ಶುರುವಾಗಿರುತ್ತದೆ.

ಇದೇ ಅಳತೆ ಇನ್ನೊಂದು ಪ್ರಶ್ನೆಗೂ ಉತ್ತರ ಕೊಡುತ್ತದೆ: ಎಷ್ಟು ದಿನಕ್ಕೊಮ್ಮೆ ಖಾಲಿ ಮಾಡಬೇಕು? ಖಾಲಿ ಮಾಡಿದ ಹತ್ತನೇ ದಿನಕ್ಕೆ ಎರಡೂ ಪದರ ಸೇರಿ 8 ಸೆಂ.ಮೀ. ಆಗಿದ್ದರೆ ದಿನಕ್ಕೆ 0.8 ಸೆಂ.ಮೀ. ಲೆಕ್ಕದಲ್ಲಿ 31 ದಿನಕ್ಕೆ ಕಾಲು ಭಾಗ ಮುಟ್ಟುತ್ತದೆ. ಅದೇ ಹೋಟೆಲಿಗೆ ಹಬ್ಬದ ಸಾಲಿನಲ್ಲಿ ಹತ್ತು ದಿನಕ್ಕೆ 14 ಸೆಂ.ಮೀ. ಸೇರಿದರೆ 18ನೇ ದಿನಕ್ಕೇ ಲಾರಿ ಬೇಕು. 'ತಿಂಗಳಿಗೊಮ್ಮೆ' ಎಂಬ ಒಂದೇ ನಿಯಮವನ್ನು ಎಲ್ಲರಿಗೂ ಹಾಕಿದರೆ ಇಡ್ಲಿ-ಕಾಫಿಯ ಪುಟ್ಟ ದರ್ಶಿನಿಗೆ ಅದು ದಂಡ, ಬಿರಿಯಾನಿ-ಕಬಾಬಿನ ದೊಡ್ಡ ಹೋಟೆಲಿಗೆ ಅದು ರಿಯಾಯಿತಿ. ಯಾರಿಗೆ ಎಷ್ಟು ದಿನ ಎಂಬುದನ್ನು ಅವರವರ ತೊಟ್ಟಿಯೇ ಹೇಳಲಿ.

ಗೋಡೆಯ ಹಾಳೆ ಸೋಲುವುದು ಇಲ್ಲಿಯೇ. ತಾರೀಕು, ಸಮಯ, ಸಹಿ ಮೂರನ್ನೂ ಕೂತಲ್ಲೇ ಸೃಷ್ಟಿಸಬಹುದು. ಜಿಡ್ಡಿನ ದಪ್ಪ, ಗಸಿಯ ದಪ್ಪ, ನೀರಿನ ಆಳ, ತೆಗೆದ ಪ್ರಮಾಣ, ಒಯ್ದ ಗಾಡಿಯ ಸಂಖ್ಯೆ ಎಂಬ ಐದು ಕಾಲಂ ಸೇರಿಸಿ ನೋಡಿ. ಸುಳ್ಳು ಬರೆಯುವವನು ಈಗ ಒಂದಕ್ಕೊಂದು ಹೊಂದುವ ಐದು ಸುಳ್ಳು ಹೊಸೆಯಬೇಕು, ಅದನ್ನು ವರ್ಷವಿಡೀ ನಿಭಾಯಿಸಬೇಕು. ತೊಟ್ಟಿ ಖಾಲಿ ಮಾಡಿಸುವುದೇ ಅದಕ್ಕಿಂತ ಸುಲಭ. ಒಳ್ಳೆಯ ಲೆಕ್ಕದ ಪುಸ್ತಕದ ಗುಣ ಇದೇ: ಸುಳ್ಳು ಹೇಳುವುದನ್ನು ಕೆಲಸ ಮಾಡುವುದಕ್ಕಿಂತ ಕಷ್ಟವಾಗಿಸುವುದು.

ಮೂರು ಕೈ, ಮೂರು ಚೀಟಿ

ತೊಟ್ಟಿಯಿಂದ ಹೊರಬಂದ ಜಿಡ್ಡು ಎಲ್ಲಿಗೆ ಹೋಯಿತು ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಹೋಟೆಲಿನವರು ದುಡ್ಡು ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಸಕ್ಕಿಂಗ್ ಲಾರಿ ರಾತ್ರಿ ಹೊತ್ತಿನಲ್ಲಿ ಯಾವುದೋ ಮ್ಯಾನ್‌ಹೋಲಿಗೆ, ರಾಜಕಾಲುವೆಗೆ, ಹೊರವಲಯದ ಹಳ್ಳಕ್ಕೆ ಸುರಿದರೆ ತೊಟ್ಟಿ ಕಟ್ಟಿಸಿದ ಖರ್ಚೂ ಹಿಡಿದಿಟ್ಟ ಜಿಡ್ಡೂ ಎರಡೂ ವ್ಯರ್ಥ. ತಪ್ಪು ಲಾರಿಯವನೊಬ್ಬನದೇ ಅಲ್ಲ. ನ್ಯಾಯವಾಗಿ ಇಳಿಸಲು ಜಾಗ ತೋರಿಸದ, ತೋರಿಸಿದರೂ ಅಲ್ಲಿಗೆ ತಲುಪಿತೇ ಎಂದು ಕೇಳದ ವ್ಯವಸ್ಥೆಯದೂ ಹೌದು.

ಇದಕ್ಕೆ ಅಮೆರಿಕದ ಟೆಕ್ಸಸ್ ರಾಜ್ಯ ಮಾಡಿಕೊಂಡಿರುವ ಏರ್ಪಾಡು ಗಮನಿಸಬೇಕಾದದ್ದು. ಜಿಡ್ಡಿನ ಪ್ರತಿಯೊಂದು ಸಾಗಣೆಗೂ ಅಲ್ಲಿ 'ಟ್ರಿಪ್ ಟಿಕೆಟ್' ಎಂಬ ಚೀಟಿ ಬೇಕು. ಯಾರಿಂದ, ಯಾವ ದಿನ, ಎಷ್ಟು ಪ್ರಮಾಣ, ಯಾವ ಸಾಗಣೆದಾರ, ಎಲ್ಲಿ ಇಳಿಸಿದ್ದು ಎಂಬುದು ಒಂದೇ ಚೀಟಿಯಲ್ಲಿ ಸಹಿಗಳೊಂದಿಗೆ ಇರಬೇಕು. ಸಾಗಣೆದಾರರು ಅದನ್ನು ಐದು ವರ್ಷ ಕಾಪಿಡಬೇಕು. ಮುಖ್ಯವಾದದ್ದು ಮೂರನೆಯ ಸಹಿ, ಇಳಿಸಿಕೊಂಡ ಘಟಕದ್ದು. ಆ ಸಹಿಯಾದ ಪ್ರತಿ ಹೋಟೆಲಿಗೆ ವಾಪಸು ಬರುವವರೆಗೂ ಕೆಲಸ ಮುಗಿದಂತಲ್ಲ.

ಮೂರು ಕಡೆಯೂ ಒಂದೇ ಅಂಕಿ ಇದೆಯೇ ಎಂದು ಹೊಂದಿಸಿ ನೋಡುವಾಗ ಕಳ್ಳಲೆಕ್ಕ ತಾನಾಗಿ ಬಯಲಾಗುತ್ತದೆ. 1,000 ಲೀಟರಿನ ತೊಟ್ಟಿಯಿಂದ ಪ್ರತಿ ಸಲವೂ 200 ಲೀಟರ್ ಮಾತ್ರ ತೆಗೆದಿದ್ದರೆ ಮೇಲಿನ ಪದರ ಬಳಿದಿದ್ದಾರೆ, ತಳದ ಗಸಿ ಹಾಗೇ ಕೂತಿದೆ ಎಂದರ್ಥ. 4,000 ಲೀಟರಿನ ಲಾರಿ ಒಂದೇ ಸುತ್ತಿನಲ್ಲಿ ಆರು ಹೋಟೆಲಿನಿಂದ ತಲಾ 1,000 ಲೀಟರ್ ಹೊತ್ತಿದೆ ಎಂದು ಬರೆದಿದ್ದರೆ ಎರಡು ಹೋಟೆಲಿನ ಚೀಟಿ ಬರೀ ಕಾಗದ. ಲಾರಿ ಹೊತ್ತ ಒಟ್ಟು ಪ್ರಮಾಣ ಘಟಕ ಇಳಿಸಿಕೊಂಡ ಪ್ರಮಾಣಕ್ಕಿಂತ ಹೆಚ್ಚಿದ್ದರೆ ನಡುವೆ ಎಲ್ಲೋ ಸುರಿದಿದೆ. ಇದನ್ನು ಹಿಡಿಯಲು ದೊಡ್ಡ ತಂತ್ರಾಂಶವೇನೂ ಬೇಡ, ಕೂಡುವುದು-ಕಳೆಯುವುದು ಬಂದರೆ ಸಾಕು. ಕಂಪ್ಯೂಟರ್ ಇದ್ದರೆ ಸಾವಿರಾರು ಚೀಟಿಯನ್ನು ಒಟ್ಟಿಗೆ ನೋಡಬಹುದು ಅಷ್ಟೆ.

ಕರಿದ ಎಣ್ಣೆಯಿಂದ ಕಲಿಯಬೇಕಾದ ಪಾಠ

ಇಂಥ ಲೆಕ್ಕ ನಮ್ಮಲ್ಲಿ ಆಗುವುದಿಲ್ಲ ಎನ್ನುವವರಿಗೆ ನಮ್ಮದೇ ಉದಾಹರಣೆಯಿದೆ. ಕರಿದ ಎಣ್ಣೆಯಲ್ಲಿ, ಮತ್ತೆ ಮತ್ತೆ ಕಾಯಿಸಿದಾಗ ಹುಟ್ಟುವ 'ಟೋಟಲ್ ಪೋಲಾರ್ ಕಾಂಪೌಂಡ್ಸ್' 25 ಶೇಕಡಾ ದಾಟಿದರೆ ಅದನ್ನು ಅಡುಗೆಗೆ ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈ 1ರಿಂದ ದೇಶದಾದ್ಯಂತ ಜಾರಿಗೆ ಬಂತು. ಅದೇ ಆಗಸ್ಟಿನಲ್ಲಿ ಬಳಸಿದ ಎಣ್ಣೆಯನ್ನು ಬಯೋಡೀಸೆಲ್‌ಗೆ ಕಳಿಸುವ 'ರೂಕೊ' ಯೋಜನೆಯನ್ನು ಎಫ್‌ಎಸ್‌ಎಸ್‌ಎಐ ಶುರು ಮಾಡಿತು. ಕರಿಯಲು ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಅದರ ದಾಖಲೆ ಇಡಬೇಕು, ಬಳಸಿ ಉಳಿದದ್ದನ್ನು ಅಧಿಕೃತ ಸಂಗ್ರಾಹಕರಿಗೇ ಕೊಡಬೇಕು ಎಂಬುದು 2019ರ ಮಾರ್ಚ್ 1ರಿಂದ ಜಾರಿಯಲ್ಲಿದೆ.

ಇಲ್ಲಿ ಲೆಕ್ಕ ಒಂದಿಷ್ಟು ನಡೆಯುವುದಕ್ಕೆ ಕಾರಣ ಸರಳ: ಕರಿದ ಎಣ್ಣೆಗೆ ಬೆಲೆಯಿದೆ. ಕೊಳ್ಳುವವನು ತೂಗಿ ದುಡ್ಡು ಕೊಡುತ್ತಾನೆ, ಆದ್ದರಿಂದ ತೂಕ ಬರೆದಿರುತ್ತದೆ. ತೊಟ್ಟಿಯ ಜಿಡ್ಡಿಗೆ ಬೆಲೆಯಿಲ್ಲ. ಅದರಲ್ಲಿ ನೀರು, ಸೋಪು, ಕೊಳೆತ ಅನ್ನ ಎಲ್ಲವೂ ಬೆರೆತಿರುತ್ತದೆ. ಒಯ್ಯಲು ಹೋಟೆಲಿನವರೇ ದುಡ್ಡು ಕೊಡಬೇಕು. ಲಾಭವಿರುವ ಕಡೆ ಮಾರುಕಟ್ಟೆ ಲೆಕ್ಕ ಬರೆಸುತ್ತದೆ. ಖರ್ಚಷ್ಟೇ ಇರುವ ಕಡೆ ನಿಯಮವೇ ಬರೆಸಬೇಕು.

ಎರಡು ಲೆಕ್ಕವನ್ನೂ ಒಟ್ಟಿಗಿಟ್ಟು ನೋಡಿದರೆ ಇನ್ನೊಂದು ಉಪಯೋಗವಿದೆ. ತಿಂಗಳಿಗೆ ಇಷ್ಟು ಡಬ್ಬ ಎಣ್ಣೆ ಕೊಂಡ ಹೋಟೆಲು ಕರಿದ ಎಣ್ಣೆಯನ್ನೂ ಮಾರಿಲ್ಲ, ತೊಟ್ಟಿಯಿಂದಲೂ ಜಿಡ್ಡು ತೆಗೆಸಿಲ್ಲ ಎಂದರೆ ಉಳಿದದ್ದು ಎರಡೇ ದಾರಿ. ಒಂದು ಚರಂಡಿ, ಇನ್ನೊಂದು ಗಿರಾಕಿಯ ಹೊಟ್ಟೆ. ಎರಡೂ ವಿಚಾರಣೆಗೆ ಯೋಗ್ಯ.

ಯಾರ ತೊಟ್ಟಿ, ಯಾರ ಹೊಣೆ

ಸ್ವಂತ ಕಟ್ಟಡದ ಹೋಟೆಲಿಗೆ ಹೊಣೆ ಯಾರದು ಎಂಬ ಗೊಂದಲವಿಲ್ಲ. ಮಾಲ್‌ಗಳ ಫುಡ್ ಕೋರ್ಟಿನಲ್ಲಿ ಹದಿನೈದು ಅಂಗಡಿಗೆ ನೆಲಮಾಳಿಗೆಯಲ್ಲಿ ಒಂದೇ ತೊಟ್ಟಿ. ಅದು ತುಂಬಿದರೆ ಕಬಾಬಿನವನು ಐಸ್‌ಕ್ರೀಮಿನವನತ್ತ, ಐಸ್‌ಕ್ರೀಮಿನವನು ಮಾಲ್ ಮೇಲ್ವಿಚಾರಕರತ್ತ ಬೆರಳು ತೋರಿಸುತ್ತಾರೆ. ಆನ್‌ಲೈನ್ ಆರ್ಡರಿಗಷ್ಟೇ ಅಡುಗೆ ಮಾಡುವ ಕ್ಲೌಡ್ ಕಿಚನ್‌ಗಳಲ್ಲಿ ಒಂದೇ ಸೂರಿನಡಿ ಹಲವು ಬ್ರ್ಯಾಂಡ್; ಕೆಲವು ವಸತಿ ಬಡಾವಣೆಯ ಮನೆಯಲ್ಲೇ ನಡೆಯುತ್ತವೆ, ಮನೆಯ ಪೈಪಿಗೇ ಜೋಡಿಸಿಕೊಂಡಿರುತ್ತವೆ. ಕಲ್ಯಾಣ ಮಂಟಪದಲ್ಲಿ ಅಡುಗೆಯವರು ಮದುವೆಗೊಬ್ಬರು, ತೊಟ್ಟಿ ಮಾತ್ರ ಮಂಟಪದ್ದು. ಪಿಜಿ, ಹಾಸ್ಟೆಲು, ಕಂಪನಿ ಕ್ಯಾಂಟೀನುಗಳಲ್ಲೂ ಅಡುಗೆಯ ಗುತ್ತಿಗೆ ಒಬ್ಬರದು, ಕಟ್ಟಡ ಇನ್ನೊಬ್ಬರದು.

ಇಲ್ಲೆಲ್ಲ ಒಂದು ನಿಯಮ ಸಾಕು: ತೊಟ್ಟಿಗೊಂದು ಸಂಖ್ಯೆ, ಸಂಖ್ಯೆಗೊಬ್ಬ ಹೊಣೆಗಾರ. ತೊಟ್ಟಿ ಯಾರ ಜಾಗದಲ್ಲಿದೆಯೋ ಅವರು ಲೆಕ್ಕ ಇಡಲಿ, ಖರ್ಚನ್ನು ಬಾಡಿಗೆದಾರರಲ್ಲಿ ಹಂಚಿಕೊಳ್ಳಲಿ. ಬಾಡಿಗೆ ಕರಾರಿನಲ್ಲಿ ಅದನ್ನು ಬರೆದುಕೊಳ್ಳದಿರುವುದರಿಂದಲೇ ಅರ್ಧ ಜಗಳ. ಬೀದಿ ಬದಿಯ ತಳ್ಳುಗಾಡಿಗೆ ತೊಟ್ಟಿ ಕಟ್ಟಿಸು ಎಂದು ಹೇಳುವುದು ನ್ಯಾಯವೂ ಅಲ್ಲ, ಸಾಧ್ಯವೂ ಅಲ್ಲ. ಗಾಡಿಗಳು ಸಾಲಾಗಿ ನಿಲ್ಲುವ ತಿಂಡಿ ಬೀದಿಗಳಲ್ಲಿ ಪಾಲಿಕೆಯೇ ಪಾತ್ರೆ ತೊಳೆಯುವ ಕಟ್ಟೆ ಕಟ್ಟಿ, ಅದಕ್ಕೊಂದು ತೊಟ್ಟಿ ಜೋಡಿಸಿ, ಅದರ ಲೆಕ್ಕವನ್ನು ತಾನೇ ಇಟ್ಟುಕೊಳ್ಳಬೇಕು.

ಅಡ್ಡದಾರಿಗಳು

ತೊಟ್ಟಿಯಿಂದ ತೆಗೆಯುವ ಗೋಜೇ ಬೇಡ, ಈ ಪುಡಿ ಹಾಕಿ ಸಾಕು ಎಂದು ಮಾರುವವರಿದ್ದಾರೆ. ಬ್ಯಾಕ್ಟೀರಿಯಾ, ಎಂಜೈಮ್ ಎಂಬ ಹೆಸರಿನ ಈ ಪದಾರ್ಥಗಳಲ್ಲಿ ಕೆಲವು ವಾಸನೆ ತಗ್ಗಿಸಬಹುದು. ಆದರೆ ಜಿಡ್ಡನ್ನು ಕರಗಿಸಿ ಮುಂದಕ್ಕೆ ದಾಟಿಸುವುದು ಜಿಡ್ಡು ತೆಗೆದಂತಲ್ಲ. ಮುಂದಿನ ಪೈಪಿನಲ್ಲಿ ಅದು ಮತ್ತೆ ಕೂರುತ್ತದೆ. ಹೊರಗಿನ ಹಲವು ನಗರಗಳು ಇವನ್ನು ಖಾಲಿ ಮಾಡುವುದಕ್ಕೆ ಬದಲಿಯಾಗಿ ಒಪ್ಪುವುದಿಲ್ಲ. ಕುದಿನೀರು ಸುರಿಯುವುದು, ಕಾಸ್ಟಿಕ್ ಸೋಡಾ ಹಾಕುವುದು ಕೂಡ ಇದೇ ಜಾತಿಯವು.

ಅಗ್ಗದ ನಿಜವಾದ ದಾರಿ ಅಡುಗೆಮನೆಯಲ್ಲೇ ಇದೆ. ಪಾತ್ರೆಯ ಎಣ್ಣೆಯನ್ನು ತೊಳೆಯುವ ಮುಂಚೆ ಕಾಗದದಿಂದಲೋ ಬಟ್ಟೆಯಿಂದಲೋ ಒರೆಸುವುದು, ತಟ್ಟೆಯ ಉಳಿಕೆಯನ್ನು ಬುಟ್ಟಿಗೆ ಬಳಿಯುವುದು, ಸಿಂಕಿನ ಬಾಯಿಗೆ ಜಾಲರಿ ಇಡುವುದು. ಇಷ್ಟು ಮಾಡಿದ ಹೋಟೆಲಿನ ತೊಟ್ಟಿ ನಿಧಾನವಾಗಿ ತುಂಬುತ್ತದೆ. ಅಳತೆಯ ಪುಸ್ತಕವಿದ್ದರೆ ಆ ಉಳಿತಾಯ ಮಾಲೀಕರಿಗೆ ಅಂಕಿಯಲ್ಲೇ ಕಾಣುತ್ತದೆ: 31 ದಿನಕ್ಕೆ ಬರುತ್ತಿದ್ದ ಲಾರಿ 40 ದಿನಕ್ಕೆ ಬಂದರೆ ಅಷ್ಟು ದುಡ್ಡು ಗಲ್ಲಾದಲ್ಲೇ ಉಳಿಯಿತು. ಒರೆಸುವ ಕೆಲಸ ಮಾಡಿದ ಪಾತ್ರೆ ತೊಳೆಯುವವರಿಗೆ ಅದರಲ್ಲೊಂದು ಪಾಲು ಕೊಟ್ಟರೆ ಅಭ್ಯಾಸ ಉಳಿಯುತ್ತದೆ.

ಒಂದು ಎಚ್ಚರ. ದೊಡ್ಡ ತೊಟ್ಟಿಗೆ ಯಾರನ್ನೂ ಇಳಿಸಕೂಡದು. ಕೊಳೆತ ಜಿಡ್ಡಿನಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟುತ್ತದೆ. ಮೊದಲಿಗೆ ಕೊಳೆತ ಮೊಟ್ಟೆಯ ವಾಸನೆ. ಪ್ರಮಾಣ ಹೆಚ್ಚಾದರೆ ಮೂಗು ಆ ವಾಸನೆ ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂದುಕೊಂಡವರು ಉಳಿಯುವುದಿಲ್ಲ. ಅಳೆಯುವುದು ಮೇಲಿನಿಂದ, ತೆಗೆಯುವುದು ಯಂತ್ರದಿಂದ. ಇದಕ್ಕೆ ವಿನಾಯಿತಿ ಇಲ್ಲ.

ಆಡಳಿತ ಮಾಡಬಹುದಾದದ್ದು

ಸಾವಿರಾರು ಹೋಟೆಲುಗಳ ಮುಚ್ಚಳ ಎತ್ತಲು ಯಾವ ಇಲಾಖೆಯಲ್ಲೂ ಅಷ್ಟು ಸಿಬ್ಬಂದಿ ಇಲ್ಲ, ನಿಜ. ಎಲ್ಲರನ್ನೂ ನೋಡಬೇಕಾಗಿಯೂ ಇಲ್ಲ. ಬೆಂಗಳೂರು ಜಲಮಂಡಳಿಯ 1916 ಸಹಾಯವಾಣಿಗೆ ಬರುವ ಒಳಚರಂಡಿ ದೂರುಗಳು ಯಾವ ಬೀದಿಯಿಂದ ಮತ್ತೆ ಮತ್ತೆ ಬರುತ್ತವೆ ಎಂದು ನಕ್ಷೆಯಲ್ಲಿ ಗುರುತಿಸಿದರೆ ತಪಾಸಣೆ ಎಲ್ಲಿಂದ ಶುರುವಾಗಬೇಕು ಎಂಬುದು ಗೊತ್ತಾಗುತ್ತದೆ. ಆ ಬೀದಿಯ ಮ್ಯಾನ್‌ಹೋಲಿಗೆ ನೀರು ಹರಿಸುವ ಹೋಟೆಲುಗಳ ಪುಸ್ತಕ ಮೊದಲು ತರಿಸಲಿ. ಪುಸ್ತಕದಲ್ಲಿ 12 ಶೇಕಡಾ ಎಂದಿದ್ದರೆ ಅಲ್ಲೇ ಕೊಳವೆ ಇಳಿಸಿ ನೋಡಲಿ. ಬರೆದದ್ದಕ್ಕೂ ಕಂಡದ್ದಕ್ಕೂ ವ್ಯತ್ಯಾಸವಿದ್ದರೆ ದಂಡ ಸುಳ್ಳು ಲೆಕ್ಕಕ್ಕೆ ಬೀಳಲಿ, ತುಂಬಿದ ತೊಟ್ಟಿಗಿಂತ ಹೆಚ್ಚಾಗಿ. ಸರಿಯಾಗಿ ಅಳೆದು 'ಇವತ್ತು 27 ಶೇಕಡಾ ಆಗಿದೆ, ನಾಳೆ ಲಾರಿ ಬರುತ್ತದೆ' ಎಂದು ಬರೆದವರನ್ನು ದಂಡಿಸಿದರೆ ಮರುದಿನದಿಂದ ಯಾರೂ ನಿಜ ಬರೆಯುವುದಿಲ್ಲ.

ಇನ್ನೊಂದು ಗಂಟು ಇಲಾಖೆಗಳ ನಡುವಿನದು. ಆಹಾರ ಪರವಾನಗಿ ಒಂದು ಕಡೆ, ವ್ಯಾಪಾರ ಪರವಾನಗಿ ಪಾಲಿಕೆಯಲ್ಲಿ, ನೀರಿನ ಗುಣಮಟ್ಟ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ, ಒಳಚರಂಡಿ ಜಲಮಂಡಳಿಯಲ್ಲಿ. ಬೆಂಗಳೂರಿನ ಹೊರಗಾದರೆ ನಗರಸಭೆ ಮತ್ತು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ನಾಲ್ಕು ಕಡೆಯಿಂದ ನಾಲ್ಕು ಅಧಿಕಾರಿಗಳು ಬಂದು ನಾಲ್ಕು ಬೇರೆ ಪುಸ್ತಕ ಕೇಳಿದರೆ ಸಣ್ಣ ಹೋಟೆಲಿನವರು ಸೋತು ಹೋಗುತ್ತಾರೆ, ಇಲ್ಲವೇ 'ನೋಡಿಕೊಳ್ಳುವ' ದಾರಿ ಹುಡುಕುತ್ತಾರೆ. ಒಂದೇ ಪುಸ್ತಕ, ಒಂದೇ ಮಾದರಿ, ಕನ್ನಡದಲ್ಲಿ, ಪಾತ್ರೆ ತೊಳೆಯುವವರೂ ತುಂಬಬಲ್ಲಷ್ಟು ಸರಳ. ಅದನ್ನೇ ಎಲ್ಲ ಇಲಾಖೆಗಳೂ ಒಪ್ಪಲಿ. ಅದರ ಜತೆಗೆ, ಜಿಡ್ಡು ಇಳಿಸಿಕೊಂಡು ರಸೀದಿ ಕೊಡುವ ಜಾಗಗಳನ್ನು ನಗರದ ನಾಲ್ಕೂ ದಿಕ್ಕಿನಲ್ಲಿ ತೆರೆಯಬೇಕು. ಇಳಿಸಲು ಜಾಗ ಕೊಡದೆ ರಸೀದಿ ಕೇಳಿದರೆ ಸಿಗುವುದು ಸುಳ್ಳು ರಸೀದಿಯೇ.

ಹೋಟೆಲು ಮಾಲೀಕರು ಇದಕ್ಕೆಲ್ಲ ಸರ್ಕಾರದ ಆದೇಶ ಬರಲಿ ಎಂದು ಕಾಯಬೇಕಾಗಿಲ್ಲ. ಅಳತೆಯ ಗೆರೆಯಿರುವ ಒಂದು ಕೊಳವೆ, ಒಂದು ನೋಟ್‌ಬುಕ್, ವಾರಕ್ಕೆ ಹತ್ತು ನಿಮಿಷ. ಈ ವಾರ ಬಾಗಿಲು ಹಾಕಿದ ಮೇಲೆ ಮುಚ್ಚಳ ಎತ್ತಿಸಿ, ಜಿಡ್ಡೆಷ್ಟು, ಗಸಿಯೆಷ್ಟು, ಆಳವೆಷ್ಟು ಎಂದು ಅಳೆದು ಬರೆಯಿರಿ. ಒಟ್ಟು ಕಾಲು ಭಾಗ ದಾಟಿದ್ದರೆ ನಾಳೆಯೇ ಲಾರಿ ಕರೆಸಿ, ಅದು ಎಲ್ಲಿ ಇಳಿಸಿತು ಎಂಬ ರಸೀದಿ ಕೈಗೆ ಬರುವವರೆಗೂ ಪೂರ್ತಿ ಹಣ ಕೊಡಬೇಡಿ.